ಸೊಸೆಯ ಕೈ ಮೇಲಿನ ಗುಳ್ಳೆ

ಮಾಗಿಯ ಬಿಸಿಲು ಏರುವ ಹೊತ್ತಿಗೆ ಯಲ್ದೂರಿನ ಕಣಗಳಲ್ಲೆಲ್ಲ ರಾಗಿಯ ಮೇಲೆ ಒಕ್ಕಣೆಯ ಕಲ್ಲುಗುಂಡು ಉರುಳುತ್ತಿತ್ತು. ದೊಡ್ಡಗಂಗಮ್ಮ ಮಾತ್ರ ತಮ್ಮ ಕಣವನ್ನು ಮಗನಿಗೆ ಬಿಟ್ಟುಬಂದು, ಕೋಲಾರದ ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಹೊರಗೆ ಕೂತಿದ್ದಳು. ಒಳಗೆ ಸೊಸೆ ಶ್ಯಾಮಲಮ್ಮ. ಗರ್ಭಕೋಶದ ಗೆಡ್ಡೆ ತೆಗೆಯಬೇಕಿತ್ತು.

ಶ್ಯಾಮಲಮ್ಮ ಹಾಲಿನ ಡಿಪೋದಲ್ಲಿ ಕ್ಯಾನು ತೊಳೆಯುವವಳು. ಕ್ಯಾನು ತೊಳೆಯಲು ಪೀಪಾಯಿಯಲ್ಲಿ ತರಿಸುವ ನೊರೆಮದ್ದಿಗೆ ಕೈಹಾಕಲು ಶುರುಮಾಡಿದಾಗಿನಿಂದ ಅಂಗೈ ಮುಂಗೈಯೆಲ್ಲ ಗುಳ್ಳೆ, ಎದೆಯಲ್ಲಿ ಉಬ್ಬಸ. ಗುಳ್ಳೆಯೆಂದರೆ ಆ ಮನೆಯಲ್ಲಿ ಅಮ್ಮ ಬಂದ ಹಾಗೆ. ಅದನ್ನು ಕಾಯಿಲೆ ಎನ್ನಬಾರದು, ಡಾಕ್ಟರ ಮುಂದೆ ಬಾಯಿಬಿಡಬಾರದು. ಬೇವು ಅರಿಸಿನ ಹಚ್ಚಿ ತೆಪ್ಪಗಿರಬೇಕು.

ಅದಕ್ಕೇ ಬೆಳಿಗ್ಗೆ, ಅರಿವಳಿಕೆ ಕೊಡುವ ಡಾಕ್ಟರು "ಗುಳ್ಳೆ, ಉಬ್ಬಸ ಏನಾದ್ರೂ ಉಂಟಾ? ಮುಚ್ಚಿಟ್ರೆ ನಮ್ಮ ಸೂಜಿಗೆ ಉಸಿರೇ ಕಟ್ಟಿಹೋಗಬಹುದು" ಎಂದಾಗ ಸೊಸೆ ಅತ್ತೆಯ ಮುಖ ನೋಡಿದ್ದಳು.

"ಏನೂ ಇಲ್ಲ ಸ್ವಾಮಿ. ಕಲ್ಲಿದ್ದಂಗವ್ಳೆ" ಎಂದುಬಿಟ್ಟಿದ್ದಳು ಅತ್ತೆ.

"ಕೈಯೆಲ್ಲ ಹಳದಿ?"

"ಅರಿಸಿನ ಹಚ್ಕೊಂಡವ್ಳೆ. ಹೆಣ್ಣಲ್ವಾ!"

ಈಗ ನೆಲ ಒರೆಸುವ ಮುತ್ಯಾಲಮ್ಮ ಮಗ್ಗುಲಲ್ಲೇ ಬಕೀಟು ಕುಕ್ಕಿದಳು. "ಕಾಲೆತ್ತಮ್ಮ, ಬಾಗಿಲಿಗಡ್ಡ ಬೀಸೋಕಲ್ಲಿನಂಗೆ ಕೂತಿದ್ದೀಯ."

ಗಪ್ಪನೆ ವಾಸನೆ ಬಡಿಯಿತು. ದಿನಾ ಸಂಜೆ ಸೊಸೆಯ ಸೀರೆಯಿಂದ ಬರುತ್ತಿದ್ದ ವಾಸನೆಯೇ. ಬಟ್ಟೆ ಹಿಂಡುತ್ತಿದ್ದ ಕೈ ಮೇಲೂ ಅದೇ ಗುಳ್ಳೆ.

"ಅಯ್ಯೋ, ನಿಂಗೂ ಅಮ್ಮ ಬಂದವ್ಳೇನೇ?"

"ಅಮ್ಮನೂ ಇಲ್ಲ ಗಿಮ್ಮನೂ ಇಲ್ಲ, ಈ ಮದ್ದು ಕಣಮ್ಮ. ರಜಾ ಹಾಕಿದ್ರೆ ಆರ್ತದೆ, ಬಂದ್ರೆ ಏಳ್ತದೆ. ನಿಮ್ಮಮ್ಮ ಏನು, ನನ್ನ ರಜಾ ನೋಡ್ಕೊಂಡು ಬತ್ತಾಳಾ?"

ದೀಪಾವಳಿಗೆ ತವರಿಗೆ ಹೋಗಿದ್ದಾಗ ಸೊಸೆಯ ಕೈಯೂ ಆರಿತ್ತು. ದೊಡ್ಡಗಂಗಮ್ಮ ಎದ್ದವಳೇ ಬಾಗಿಲು ಗುದ್ದಿದಳು.

"ಸ್ವಾಮೀ, ನಿಲ್ಸಿ! ಸುಳ್ಳು ಹೇಳ್ದೆ!"

"ಏಯ್ ಅಜ್ಜಿ, ಹೊರಗೆ ನಡಿ!" ನರ್ಸು ಬಾಗಿಲು ತೆರೆದು ತಳ್ಳಿದಳು. ದೊಡ್ಡಗಂಗಮ್ಮ ಹೊಸ್ತಿಲು ಬಿಡಲಿಲ್ಲ. ಗುಳ್ಳೆ, ಉಬ್ಬಸ, ಡಿಪೋದ ಪೀಪಾಯಿ ಎಲ್ಲವನ್ನೂ ಅಲ್ಲಿಂದಲೇ ಕೂಗಿ ಹೇಳಿದಳು.

ಡಾಕ್ಟರು ಕೈಲಿದ್ದ ಸಿರಿಂಜನ್ನು ತಟ್ಟೆಗಿಟ್ಟರು. "ಅಂಥ ಮದ್ದಿನಲ್ಲಿ ಕೈಯಾಡಿಸೋರಿಗೆ ಮೈ ಸಡಿಲಿಸೋ ಸೂಜಿ ಒಗ್ಗದೇ ಹೋಗಬಹುದು ಅಂತ ಈಚೆಗೆ ಓದಿದ್ದೆ. ನಿಜವೋ ಸುಳ್ಳೋ, ಇವಳ ಮೇಲೆ ಹಾಕಿ ನೋಡೋದು ಬೇಡ. ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸ್ತೀನಿ, ಎಚ್ಚರವಾಗೇ ಇರ್ಲಿ."

ಬಾಗಿಲು ಮುಚ್ಚಿತು. ದೊಡ್ಡಗಂಗಮ್ಮ ಸಂದಿಗೆ ಕಿವಿಕೊಟ್ಟು ನಿಂತಳು. ಮೊದಲು ಕತ್ತರಿ ತಟ್ಟೆಗಳ ಸದ್ದು. ಆಮೇಲೆ ಅದೂ ಇಲ್ಲ. ಡಾಕ್ಟರು ಏನೋ ಕೇಳಿದರು, ಉತ್ತರ ಬರಲಿಲ್ಲ. ಮತ್ತೆ ಕೇಳಿದರು.

"ಉಸಿರು ಆಡ್ತಾ ಐತೆ ಸಾರ್" ಎಂದಳು ಶ್ಯಾಮಲಮ್ಮ.

ಮಧ್ಯಾಹ್ನ ಸೊಸೆಯನ್ನು ವಾರ್ಡಿನ ಮಂಚಕ್ಕೆ ಹಾಕಿದ ಮೇಲೆ ದೊಡ್ಡಗಂಗಮ್ಮ ಮುತ್ಯಾಲಮ್ಮನನ್ನು ಹುಡುಕಿಕೊಂಡು ಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು.

"ಹ್ಞಾ! ಬಿಡಮ್ಮ, ಉರೀತದೆ" ಎಂದು ಮುತ್ಯಾಲಮ್ಮ ಕೈ ಕಿತ್ತುಕೊಂಡಳು. "ಹೆರಿಗೆ ವಾರ್ಡು ಒರೆಸ್ದೆ ಹಂಗೇ ಬಿದ್ದೈತೆ."

ಅವಳು ಬಕೀಟಿಗೆ ಕೈ ಅದ್ದಿದಳು. ಆ ಋಣಕ್ಕೆ ಏನು ಕೊಡಬೇಕೆಂದು ತಿಳಿಯದೆ ದೊಡ್ಡಗಂಗಮ್ಮ ಒದ್ದೆ ನೆಲ ತುಳಿಯದ ಹಾಗೆ ಗೋಡೆಗೊತ್ತಿ ನಿಂತಳು.