ಸುಣ್ಣದ ಗೋಡೆ

“ಒರಗ್ಬೇಡಿ, ಗೋಡೆ ಇನ್ನೂ ಹಸಿ ಐತೆ,” ಎನ್ನುತ್ತ ಪುಟ್ಟರಾಜು ಮಣ್ಣಿಗೆ ಬಂದವರನ್ನು ಒಬ್ಬೊಬ್ಬರಾಗಿ ಗೋಡೆಯಿಂದ ಈಚೆಗೆ ಎಳೆಯುತ್ತಿದ್ದ. ನಡುಮನೆಯಲ್ಲಿ ಚಾಪೆಯ ಮೇಲೆ ಅವನ ಹೆಂಡತಿ ಲಕ್ಕಮ್ಮನನ್ನು ಮಲಗಿಸಿದ್ದರು. ಆ ಕಡೆಗೆ ಮಾತ್ರ ಅವನು ತಿರುಗಿರಲೇ ಇಲ್ಲ.

ಲಕ್ಕಮ್ಮನ ಅಣ್ಣ ಬೋರಪ್ಪ ಅವನ ರಟ್ಟೆ ಹಿಡಿದ. “ಗೋಡೆ ಹಾಳಾಗೋಗ್ಲಿ ಬುಡು ಪುಟ್ರಾಜು. ಬಂದು ಅವಳ ತಲೆದೆಸೆಗೆ ಕೂತ್ಕೊ.”

“ಬಣ್ಣ ಕಿತ್ಕೊಂಡು ಬತ್ತದೆ ಭಾವ. ಆಮೇಲೆ ಅವಳು ನನ್ನ ಸುಮ್ನೆ ಬುಟ್ಟಾಳಾ?”

ಕೂತಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು.

ಬೆಳಿಗ್ಗೆ ಅವನು ಡೈರಿಗೆ ಹಾಲು ಹಾಕಲು ಹೊರಟಾಗ ಲಕ್ಕಮ್ಮ ಅಡುಗೆಮನೆಯಿಂದಲೇ ಕೂಗಿ ಉಪ್ಪು ತರಲು ಹೇಳಿದ್ದಳು. ದುದ್ದ ಊರಿನ ಅಂಗಡಿಯಲ್ಲಿ ಕೊಂಡ ಉಪ್ಪು ಇನ್ನೂ ಬೈಕಿನ ಹ್ಯಾಂಡಲಿನಲ್ಲೇ ನೇತಾಡುತ್ತಿತ್ತು.

ಬಾಗಿಲ ಹೊರಗೆ ಪೇಂಟರ್ ಬಸವೇಶ ಬಣ್ಣದ ಕೈಗಳನ್ನು ಹಿಂದಕ್ಕೆ ಕಟ್ಟಿ ನಿಂತಿದ್ದ. ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ: “ನಾನು ನಡುಮನೇಲಿ ಬಳೀತಿದ್ದೆ. ಅಡುಗೆಮನೇಲಿ ಅಕ್ಕ ಸುಣ್ಣ ಕೆರೀತಿದ್ರು. ಸದ್ದು ನಿಂತೋಯ್ತು. ಕಾಫಿ ಕಾಸ್ತಾ ಅವ್ರೇನೋ ಅನ್ಕೊಂಡೆ. ಓಗಿ ನೋಡಿದ್ರೆ ಬಿದ್ದವ್ರೆ. ಆಟೋ ಹಾಸನ ಮುಟ್ಟೋದ್ರೊಳಗೆ…”

“ಎರಡನೇ ಕೋಟು ಯಾವಾಗ ಬಸವೇಶ?” ಎಂದು ಪುಟ್ಟರಾಜು ಕೇಳಿದ.

ಬಸವೇಶ ಬೋರಪ್ಪನ ಮುಖ ನೋಡಿದ.

*

ಬಸವೇಶ ಮೊದಲ ಸಲ ಮನೆ ನೋಡಲು ಬಂದ ದಿನ ಅವನ ರೇಟು ಕೇಳಿ ಲಕ್ಕಮ್ಮ ಬೆಚ್ಚಿಬಿದ್ದಿದ್ದಳು. ಅದಕ್ಕೆ ಮುಂಚೆ ಚನ್ನರಾಯಪಟ್ಟಣದ ಪೇಂಟರೊಬ್ಬ ಬಂದು ಇನ್ನೂ ಹೆಚ್ಚು ಹೇಳಿ ಹೋಗಿದ್ದ.

“ಅಷ್ಟೊಂದಾ? ಅಂಗಡಿಯವ್ನು ಡಬ್ಬಕ್ಕೆ ಅದ್ರಲ್ಲಿ ಅರ್ಧಾನೂ ಹೇಳ್ನಿಲ್ಲ ಕಣಪ್ಪ.”

“ಖರ್ಚು ಬಣ್ಣದ್ದಲ್ಲ ಅಕ್ಕ, ಗೋಡೇದು. ಸುಣ್ಣನ ಪೂರಾ ಕೆರೀದಿದ್ರೆ ಮೇಲಿನ ಬಣ್ಣ ಹಪ್ಪಳದಂಗೆ ಎದ್ದು ಬತ್ತದೆ. ಬಿರುಕಿಗೆ ಪುಟ್ಟಿ ತುಂಬ್ಬೇಕು, ಪ್ರೈಮರ್ ಬಳೀಬೇಕು, ಆಮೇಲೆ ಎರಡು ಕೋಟು ಬಣ್ಣ. ನಿಮ್ಮ ಗೋಡೆ ಎತ್ತರ ಬೇರೆ. ಎಲ್ಲಾ ಆಳಿನ ಕೂಲಿನೇ.”

“ಪುಟ್ಟಿ ಬುಟ್ಬುಡು.”

“ಬಿರುಕು ಎದ್ದು ಕಾಣ್ತದೆ.”

“ಒಂದೇ ಕೋಟು ಬಳಿ.”

“ಕಲೆ ಇಣುಕ್ತದೆ ಅಕ್ಕ.”

ಲಕ್ಕಮ್ಮ ಗೋಡೆಗೆ ಉಗುರು ಹಾಕಿ ಗೀರಿದಳು. ಸುಣ್ಣ ಪುಡಿಪುಡಿಯಾಗಿ ಉದುರಿತು. “ಅಂಗಾದ್ರೆ ಕೆರೆಯೋ ಕೂಲಿ ತೆಗೆದಾಕು. ನಾನೇ ಕೆರೀತೀನಿ.”

ಜಗಲಿಯಲ್ಲಿದ್ದ ಪುಟ್ಟರಾಜು ನಕ್ಕಿದ್ದ. “ಇಷ್ಟು ವರ್ಷ ಇಲ್ಲದ್ದು ಈಗ್ಯಾಕಮ್ಮಿ ನಿಂಗೆ ಬಣ್ಣ?”

“ಧನ್ಯಾ ಬಾಣಂತನಕ್ಕೆ ಬತ್ತಾಳೆ. ಅವಳು ಮಗುವಾಗಿದ್ದಾಗ ಸುಣ್ಣ ಉದುರ್ತದೆ ಅಂತ ತೊಟ್ಲನ್ನ ಆ ಮೂಲೆಯಿಂದ ಈ ಮೂಲೆಗೆ ಎಳೆದಿದ್ದೇ ಆಯ್ತು. ನನ್ನ ಮಗಳಿಗೆ ಆ ಪಾಡು ಬ್ಯಾಡ.”

ಅಂದಿನಿಂದ ಸಮಯ ಸಿಕ್ಕಾಗಲೆಲ್ಲ ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆರೆಯುವಳು. ಹೋದ ವಾರ ಎಡಗೈ ಸೆಳೆಯುತ್ತದೆ ಎಂದಳು. “ಕೆರೆದೂ ಕೆರೆದೂ ಅಂಗಾಗೈತೆ, ಎಣ್ಣೆ ಹಚ್ಕೊ,” ಎಂದು ಪುಟ್ಟರಾಜು ಮಗ್ಗುಲಾಗಿದ್ದ. ಅವಳು ಕೆರೆಯುತ್ತಿದ್ದುದು ಬಲಗೈಯಲ್ಲಿ. ಅದು ಅವನಿಗೆ ಹೊಳೆದದ್ದು ಈಗ, ಜನರ ನಡುವೆ, ಗೋಡೆ ಕಾಯುತ್ತ ನಿಂತಾಗ. ಅವನು ಅಲ್ಲೇ ನೆಲಕ್ಕೆ ಕೂತ.

*

ಗಂಡನ ಊರು ಕೊಣನೂರಿನಿಂದ ಧನ್ಯಾ ಬಂದಿಳಿದಾಗ ಬೋರಪ್ಪ ಬಾಗಿಲಿಗೆ ಅಡ್ಡ ನಿಂತ. “ತುಂಬಿದ ಬಸುರಿ, ಒಳಕ್ಕೆ ಬರಬಾರ್ದು ಕಣವ್ವ. ಅಲ್ಲಿಂದ್ಲೇ ನೋಡು.”

“ನಮ್ಮಮ್ಮ, ಮಾವ,” ಎಂದಳು ಧನ್ಯಾ.

“ಬುಡು ಭಾವ,” ಪುಟ್ಟರಾಜು ಕೂತಲ್ಲಿಂದಲೇ ಅಂದ. “ಅವಳಿಗೋಸ್ಕರಾನೇ ಇಷ್ಟೆಲ್ಲಾ ಮಾಡಿದ್ದು. ನೋಡ್ಲಿ ಬುಡು.”

ಧನ್ಯಾ ಹೊಟ್ಟೆ ಹಿಡಿದುಕೊಂಡು ತಾಯಿಯ ಪಕ್ಕ ಕೂತಳು. ಮೀಯಿಸಿ ಅರಿಸಿನ ಹಚ್ಚಿದ್ದರೂ ಲಕ್ಕಮ್ಮನ ಉಗುರುಗಳ ಸಂದಿಯಲ್ಲಿ ಸುಣ್ಣ ಹಾಗೇ ಇತ್ತು. ಆ ಬೆರಳುಗಳನ್ನು ನೋಡಿದ ಮೇಲೆ ಪುಟ್ಟರಾಜು ಯಾರನ್ನೂ ಗೋಡೆಯಿಂದ ಎಳೆಯಲಿಲ್ಲ.

ಹೊಲದ ಬದುವಿನಲ್ಲಿ ಮಣ್ಣು ಮಾಡಿ, ಮಿಂದು, ಎಲ್ಲರೂ ಬಂದು ದೀಪ ನೋಡಿ ಹೋದರು. ಬಸವೇಶ ಬ್ರಷ್ಷು ತೊಳೆದಿಟ್ಟು, “ಹನ್ನೊಂದ್ನೇ ದಿನ ಕಳೀಲಿ ಅಣ್ಣ, ಉಳಿದದ್ದೆಲ್ಲ ನಾನೇ ಮಾಡ್ತೀನಿ, ಕೆರೆಯೋದೂ,” ಎಂದು ಹೇಳಿ ಹೊರಟ.

ಧನ್ಯಾ ಕಾಣಲಿಲ್ಲವೆಂದು ಪುಟ್ಟರಾಜು ಅಡುಗೆಮನೆಗೆ ಹೋದ. ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಸೂರಿನಿಂದ ಅರ್ಧದವರೆಗೆ ಸುಣ್ಣ ಬೆಳ್ಳಗಿತ್ತು. ಅದರ ಕೆಳಗೆ ಸುಣ್ಣ ಕೆರೆದ ಗಾರೆ ಬೂದು ಬಣ್ಣಕ್ಕಿತ್ತು. ಎರಡರ ನಡುವಿನ ಅಂಚು, ಮಗಳಿಗಿಂತ ಉದ್ದವಿದ್ದ ಲಕ್ಕಮ್ಮನ ಕೈ ಎಟುಕಿದಷ್ಟು ಎತ್ತರದಲ್ಲಿ, ಅಂಕುಡೊಂಕಾಗಿ ಮೂರು ಗೋಡೆ ಸುತ್ತಿ ಬಂದು ಕಿಟಕಿಯ ಬಳಿ ನಿಂತುಬಿಟ್ಟಿತ್ತು.

ಧನ್ಯಾ ತುದಿಗಾಲಲ್ಲಿ ನಿಂತು, ಒಂದು ಕೈಯಲ್ಲಿ ಹೊಟ್ಟೆಗೆ ಆಸರೆ ಕೊಟ್ಟು, ಇನ್ನೊಂದನ್ನು ಆ ಅಂಚಿನತ್ತ ಚಾಚಿದಳು. ಅವಳ ಬೆರಳಿಗೆ ಅದು ಇನ್ನೂ ಒಂದು ಗೇಣು ಮೇಲಿತ್ತು.