ಕಥೆಗೊಬ್ಬ ದಲ್ಲಾಳಿ

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಜಮಾಲುದ್ದೀನ್ ‘ಸಾಹಿತ್ಯ ಏಜೆನ್ಸಿ’ ಎಂದು ಬೋರ್ಡು ಹಾಕಿದ್ದು ಸಾವಿರದ ಒಂಬೈನೂರ ಅರವತ್ತೆರಡರಲ್ಲಿ. ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದಾಗ ಧಾರವಾಡ, ಮೈಸೂರಿನ ಪ್ರಕಾಶಕರ ಪರಿಚಯವಾಗಿತ್ತು. ಬರೆಯುವವರ ಹಸ್ತಪ್ರತಿಯನ್ನು ಅವರಿಗೆ ಮುಟ್ಟಿಸಿ, ಅಚ್ಚಾದರೆ ಪಾಲು ಪಡೆಯುವ ಯೋಚನೆ ಅವನದು. ಬಂದವರು ಮಾತ್ರ ವಿಮೆ ಕೇಳಿದರು, ಬಿತ್ತನೆ ಬೀಜ ಕೇಳಿದರು. ಲೇಖಕರು, “ಯಾರ ಪುಸ್ತಕ ಮಾಡಿಸೀರಿ?” ಎನ್ನುವರು, ಪ್ರಕಾಶಕರು, “ನಿಮ್ಮ ಕಡೆ ಯಾವ ಲೇಖಕರಿದ್ದಾರೆ?” ಎಂದು ಬರೆಯುವರು. ಯಾವ ತುದಿಯಿಂದ ಶುರು ಮಾಡಬೇಕೆಂಬುದೇ ಅವನಿಗೆ ಬಗೆಹರಿಯಲಿಲ್ಲ.

ವಾರಪತ್ರಿಕೆಯಲ್ಲಿ ಕಡರನಾಯಕನಹಳ್ಳಿಯ ಉಮಾಮಹೇಶ್ವರಿ ಎಂಬಾಕೆಯ ಕಥೆ ಓದಿದವನೇ ಹರಿಹರದಲ್ಲಿ ಬಸ್ಸು ಬದಲಿಸಿ ಆ ಊರಿಗೆ ಹೋದ. ಆಕೆಯ ಮಾವ ಉಜ್ಜನಪ್ಪ ಜಗಲಿಯಲ್ಲಿದ್ದರು.

“ಬರ್ರಿ ಸಾಬ್ರೆ, ಕೂಡ್ರಿ. ಯಾವುದರ ಏಜೆಂಟ್ರು?”

“ಕಥೆ, ಕಾದಂಬರಿದು, ಯಜಮಾನ್ರೆ.”

“ಹತ್ತಿಗೆ ದಲ್ಲಾಳಿ ಇರ್ತಾರೆ, ಕಥಿಗೂ ಅದಾರಾ? ನೀವೇ ಅಚ್ಚು ಹಾಕ್ತೀರೇನು?”

“ಇಲ್ರಿ.”

“ಮಾರ್ತೀರಾ?”

“ಅದೂ ಇಲ್ರಿ.”

“ಮತ್ತೆ ಮಾಡೋದೇನು?”

ಅಷ್ಟರಲ್ಲಿ ಮಲೆಬೆನ್ನೂರಿಂದ ಟ್ರ್ಯಾಕ್ಟರ್ ಬಂತೆಂದು ಯಾರೋ ಕೂಗಿದ್ದರಿಂದ ಉಜ್ಜನಪ್ಪ ಎದ್ದು ಹೋದರು. ಕಾಫಿ ತಂದ ಉಮಾಮಹೇಶ್ವರಿ ಹೊಸ್ತಿಲಲ್ಲೇ ನಿಂತಳು.

“ನನ್ನ ಕಥೆ ಹೆಂಗಿತ್ರಿ?”

“ಚಲೋ ಇತ್ರಮ್ಮ. ಆದ್ರೆ ಗಂಡನ ಮನಿ ಬಿಟ್ಟು ಬಸ್ ಸ್ಟ್ಯಾಂಡಿಗೆ ಹೋದಾಕಿ ಯಾಕ ವಾಪಸ್ ಬಂದ್ಲು ಅಂತ ತಿಳೀಲಿಲ್ಲ.”

ಗಿರಾಕಿ ಹಿಡಿಯಲು ಬಂದವನು ಆಡುವ ಮಾತಲ್ಲ ಇದು ಎಂದು ಅವನು ಪೇಚಾಡಿಕೊಂಡ. ಆಕೆ ನಕ್ಕಳು.

“ನಂಗೂ ತಿಳಿದಿಲ್ರಿ. ಈಗೊಂದು ಕಾದಂಬರಿ ಮುಗಿಸೀನಿ. ನಾನೇ ಟಪಾಲಿಗೆ ಹಾಕಿದ್ರೂ ಅವರು ಓದ್ತಾರಲ್ಲ, ನಡುವೆ ನೀವ್ಯಾಕ?”

“ಓದ್ತಾರೆ. ಬ್ಯಾಡ ಅಂದ್ರೆ ನನ್ನ ಕಡೆ ವಾಪಸ್ ಬರ್ತೈತೆ. ನಾನು ಇನ್ನೊಬ್ಬರಿಗೆ ಕಳಿಸ್ತೀನಿ.”

“ನಿಮ್ಮ ವಿಳಾಸಕ್ಕೆ ಬರ್ತೈತಾ? ಈ ಮನಿಗೆ ಬರಲ್ಲಾ?”

ಹಿಂದೆ ತಿರುಗಿ ಬಂದ ಕಥೆಯೊಂದರ ಲಕೋಟೆಯನ್ನು ಮಾವ ಒಡೆದು, ಸಂಪಾದಕರ ಟೀಕೆಯನ್ನು ಜಗಲಿಯಲ್ಲಿ ಕೂತವರಿಗೆಲ್ಲ ಓದಿ ನಗಿಸಿದ್ದರಂತೆ. ಅಂದಿನಿಂದ ಆಕೆ ಯಾರಿಗೂ ಏನನ್ನೂ ಕಳಿಸಿರಲಿಲ್ಲ; ಈಗ ವಾರಪತ್ರಿಕೆಯಲ್ಲಿ ಬಂದದ್ದು ಅದಕ್ಕೂ ಮೊದಲೇ ಕಳಿಸಿದ್ದ ಕಥೆ. ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಹಸ್ತಪ್ರತಿ ತಂದು ಅವನ ಮುಂದಿಟ್ಟಳು.

“ಬ್ಯಾಡ ಅಂದ್ರೆ ನಂಗೆ ಹೇಳಬ್ಯಾಡ್ರಿ. ಬೇಕು ಅಂದ್ರೆ ಅಷ್ಟೇ ಬರ್ರಿ.”

ಆಕೆಗೆ ಅವನ ಪರಿಚಯ, ಮಾತುಗಾರಿಕೆ ಯಾವುದೂ ಬೇಕಾಗಿರಲಿಲ್ಲ. ಬೇಕಾದದ್ದು ಅವನ ವಿಳಾಸ. ಇದಕ್ಕೆ ಖುಷಿಪಡಬೇಕೋ ಬೇಸರಪಡಬೇಕೋ ತಿಳಿಯದೆ ಜಮಾಲುದ್ದೀನ್ ಬಸ್ಸಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಮೈಸೂರಿನವರು ಬೇಡವೆಂದರು. ಅವನು ಹೇಳಲಿಲ್ಲ. ಮಾರನೇ ವರ್ಷ ಧಾರವಾಡದವರು ಒಪ್ಪಿದರು. ಪುಸ್ತಕ ಹೊರಬಂದ ಮೇಲೆ ಹರಿಹರದ ಮಾಬೂಬೀ ಎಂಬ ಶಾಲಾ ಉಪಾಧ್ಯಾಯಿನಿ ಕವಿತೆಗಳ ಕಟ್ಟು ಹಿಡಿದು ಅವನ ಏಜೆನ್ಸಿಗೆ ಬಂದರು. ಅವನು ಉತ್ಸಾಹದಿಂದ ಪ್ರಕಾಶಕರ ಹೆಸರು ಹೇಳತೊಡಗಿದ.

“ಅದು ಆಮೇಲೆ ಹೇಳ್ರಿ,” ಎಂದರು ಮಾಬೂಬೀ. “ಇಲ್ಲಿ ಬಂದ ಟಪಾಲು ಯಾರು ಒಡೀತಾರೆ?”

“ನಾನೊಬ್ನೇ ಮೇಡಂ.”

ಆಕೆ ಕಟ್ಟನ್ನು ಮೇಜಿನ ಮೇಲಿಟ್ಟು, ಕುಡಿಯಲು ನೀರು ಕೇಳಿದರು.