ಕೊಳದಲ್ಲಿ ನೆನೆಹಾಕಿದ ಬುಟ್ಟಿ

ಬೆರಳ ತುದಿಯಲ್ಲಿ ಅಕ್ಕಿ ಹಿಡಿದು ತಾಯಿಯ ತುಟಿಯ ಹತ್ತಿರ ಬಗ್ಗಿದ ವಿಲಾಸಿನಿಯ ಕೈ ಅಲ್ಲೇ ನಿಂತುಬಿಟ್ಟಿತು.

"ಹಾಕು ಮಗಳೇ," ಎಂದ ಸೋದರಮಾವ ಪರಮು. "ಮೂರು ಸಲ. ಆಮೇಲೆ ನೀರು."

"ಮಾವ, ಬುಟ್ಟಿ!"

"ಯಾವ ಬುಟ್ಟಿ?"

"ನಿನ್ನೆ ಸಂಜೆ ಅಮ್ಮ ಬೀಜ ನೆನೆಹಾಕಿದ್ಲು. ಕೊಳದಲ್ಲೇ ಇದೆ. ಮಧ್ಯಾಹ್ನದೊಳಗೆ ಎತ್ತದಿದ್ರೆ ಹುಳಿತು ಹೋಗುತ್ತೆ."

ಅಮ್ಮ ಚಿರುತ ಬೆಳಗಿನ ಜಾವ ತೀರಿಕೊಂಡಿದ್ದಳು. ಎಪ್ಪತ್ತೊಂಬತ್ತು ವರ್ಷ. ಉಬ್ಬರದ ನೀರು ಗದ್ದೆಗೇ ನುಗ್ಗುವ ಈ ದ್ವೀಪದಲ್ಲಿ ಉಪ್ಪಿಗೆ ಜಗ್ಗದ ಪೊಕ್ಕಾಳಿ ಭತ್ತವನ್ನು ಬಿಡದೆ ಬಿತ್ತಿಕೊಂಡು ಬಂದವಳು ಅವಳೊಬ್ಬಳೇ. ಉಳಿದವರೆಲ್ಲ ಗದ್ದೆಯನ್ನು ವರ್ಷವಿಡೀ ಸಿಗಡಿಗೆ ಬಿಟ್ಟಿದ್ದರು.

ಪರಮು ದನಿ ತಗ್ಗಿಸಿದ. "ಸೂತಕದ ಮನೆಯವರು ಬೀಜ ಮುಟ್ಟಬಾರದು. ಹದಿನಾರು ದಿನ. ನಿಂಗೆ ಗೊತ್ತಿಲ್ವಾ?"

"ಹದಿನಾರು ದಿನ ಬೀಜ ಕಾಯುತ್ತಾ?"

"ಹೋದ್ರೆ ಹೋಗ್ಲಿ. ನೀನೇನು ಸಿಗಡಿ ಸುಲಿಯೋ ಕೆಲಸ ಬಿಟ್ಟು ಕೆಸರಿಗಿಳೀತೀಯಾ? ಆ ಗದ್ದೆಗೂ ಸಿಗಡಿ ಬಿಟ್ಟರಾಯ್ತು. ಬೀಜ ಬೇಕಂದ್ರೆ ಟೀಚರ ಐಸ್‌ಪೆಟ್ಟಿಗೆಯಲ್ಲಿ ಇದೆಯಲ್ಲ."

ಚಾಪೆಯ ಕೊನೆಯಲ್ಲಿ ಕೂತಿದ್ದ ಸತೀದೇವಿ ತಲೆಯೆತ್ತಿದರು. ಭತ್ತದ ಸಂಶೋಧನೆಯವರು, ಊರಿಗೆಲ್ಲ ಟೀಚರ್. "ಇದೆ. ಒಂದು ಹಿಡಿ. ಗದ್ದೆಗೆ ಸಾಲುವಷ್ಟಿಲ್ಲ," ಎಂದರು.

"ಕೇಳಿದ್ರಾ ಮಾವ?"

"ಮೊದಲು ಅಕ್ಕಿ ಹಾಕು."

ವಿಲಾಸಿನಿ ಹಾಕಿದಳು. ಅಂಗಡಿಯ ಬಿಳಿ ಅಕ್ಕಿ. ಬದುಕಿದ್ದರೆ ಅಮ್ಮ ಉಗುಳಿಬಿಡುತ್ತಿದ್ದಳು.

*

ಟೀಚರ್ ಮೊದಲ ಸಲ ದೋಣಿಯಿಂದಿಳಿದು ಬಂದು ಇಪ್ಪತ್ತು ವರ್ಷವಾಯಿತು. ಬೀಜ ಬೇಕೆಂದರು. ಚಿರುತ ಭತ್ತ ಕೇರಿ, ಕೇರಿ, ದುಂಡಗಿನ ಕಾಳುಗಳನ್ನೇ ಆರಿಸಿ ಬಾಳೆಯೆಲೆಯಲ್ಲಿ ಕಟ್ಟಿಕೊಟ್ಟಳು. ಎರಡು ತಿಂಗಳಾದ ಮೇಲೆ ಅವರು ಮುಖ ಇಳಿಬಿಟ್ಟುಕೊಂಡು ಬಂದರು.

"ಅಮ್ಮ, ಉಪ್ಪುನೀರಲ್ಲಿಟ್ಟ ಸಸಿ ಎಲ್ಲ ಸತ್ತುಹೋದ್ವು."

ಚಿರುತ ಸೊಂಟ ಹಿಡಿದುಕೊಂಡು ನಕ್ಕಳು. "ಅಯ್ಯೋ ಹುಡುಗಿ! ಮನೆಗೆ ಬಂದವರಿಗೆ ಒಳ್ಳೇದು ಕೊಡಬೇಕಲ್ವಾ? ಅದು ಸಿಹಿನೀರು ನಿಲ್ಲೋ ಒಳಗದ್ದೇದು, ಗಂಜಿಗೆ. ಬೀಜ ಬೇರೆ. ಬಾ."

ತೂಬಿನ ಪಕ್ಕದ ಅಂಚಿಗೆ ಕರೆದೊಯ್ದಳು. ಸಮುದ್ರದ ನೀರು ಮೊದಲು ನುಗ್ಗುವ ಜಾಗ. ಅಲ್ಲಲ್ಲಿ ಒಂದೊಂದು ತೆನೆ, ಕಪ್ಪು, ಬಡಕಲು. "ಪಕ್ಕದವೆಲ್ಲ ಸತ್ತರೂ ನಿಂತವು ನೋಡು ಇವು. ನನ್ನಮ್ಮ ಇಲ್ಲಿಂದಲೇ ಆರಿಸ್ತಿದ್ಲು."

ಆ ತೆನೆಗಳು ಪ್ರಯೋಗಾಲಯದಲ್ಲೂ ನಿಂತವು. ಮುಂದೊಂದು ದಿನ ಟೀಚರ್ ಕಾಗದದಲ್ಲಿ ಹನ್ನೆರಡು ಗೆರೆ ಎಳೆದು ತೋರಿಸಿದರು. ಭತ್ತದ ಕಣದೊಳಗೆ ಹೀಗೆ ಹನ್ನೆರಡು ಜೊತೆ ವರ್ಣತಂತು, ಗುಣ ಹೊತ್ತ ಎಳೆ. ಮೊದಲನೆಯದರಲ್ಲಿ ಒಂದು ತುಣುಕು ಬೇರಿನಿಂದ ಉಪ್ಪು ಮೇಲೇರದ ಹಾಗೆ ತಡೆಯುತ್ತದೆ ಎಂದರು.

"ಬಾಗಿಲಲ್ಲಿ ಕೂತ ಅತ್ತೆ ಥರ!" ಎಂದಳು ಚಿರುತ. ಆಮೇಲೆ ಮೊದಲ ಗೆರೆಯ ಆ ತುಣುಕಿನ ಮೇಲೆ ಬೆರಳಿಟ್ಟಳು. "ಇಷ್ಟೇ ಇಷ್ಟಕ್ಕೆ ನನ್ನಮ್ಮನ ಸೊಂಟ ಬಗ್ಗಿಹೋಯ್ತಾ?"

ವಿಲಾಸಿನಿ ಜಗುಲಿಯಲ್ಲಿ ತೆಂಗಿನ ಗರಿಯ ಬುಟ್ಟಿ ಹೆಣೆಯುತ್ತಿದ್ದಳು, ಸಿಗಡಿ ಶೆಡ್ಡಿಗೆ ಹೋಗುವ ದೋಣಿ ತಪ್ಪೀತೆಂದು ಕಿವಿಯನ್ನು ದೋಣಿ ಹತ್ತುವ ಕಡವಿನ ಕಡೆಗಿಟ್ಟು. ಬುಟ್ಟಿಯನ್ನು ಯಾವಾಗ ಎತ್ತಬೇಕು, ಎತ್ತಿ ಹೇಗೆ ಮೂಸಬೇಕು ಎಂದು ತಾಯಿ ಹೇಳುತ್ತಿದ್ದಳು. ಟೀಚರ್ ಬರೆದುಕೊಂಡರು. ಮಗಳು ಅರ್ಧ ಕೇಳಿದಳು.

*

ಬಿಸಿಲು ನೆತ್ತಿಗೆ ಬರುತ್ತಿತ್ತು. ಗದ್ದೆಯ ಕಟ್ಟೆಯ ಮೇಲೆ ಚಿತೆಗೆ ಸೌದೆ ಒಟ್ಟಿ ಆಗಿತ್ತು.

"ನಾನು ಎತ್ತಲಾ?" ಸತೀದೇವಿ ಪಿಸುಗುಟ್ಟಿದರು. "ನಂಗೆ ಸೂತಕ ಇಲ್ಲ."

"ಆಳ ಇದೆ ಟೀಚರ್. ಕಲ್ಲು ಕಟ್ಟಿ ತಳಕ್ಕೆ ಬಿಟ್ಟಿರ್ತಾಳೆ. ಈಜು ಬರುತ್ತಾ?"

"ಇಲ್ಲ."

"ವಿಲಾಸಿನೀ," ಪರಮು ಕೂಗಿದ. "ಹೊತ್ತಾಯ್ತು. ಕೊಳದಲ್ಲಿ ಮುಳುಗಿ ಬಾ. ಒದ್ದೆ ಬಟ್ಟೆಯಲ್ಲೇ ಕೊಡ ಹೊರಬೇಕು."

ವಿಲಾಸಿನಿ ಮಾವನ ಮುಖವನ್ನು ಒಂದು ಕ್ಷಣ ನೋಡಿದಳು.

"ಮುಳುಗಿ ಬರ್ತೀನಿ ಮಾವ."

ಒಂದು ಸಲ ಮುಳುಗಿದಳು. ಎರಡನೇ ಸಲ ಮುಳುಗಿದಳು. ಮೂರನೇ ಸಲ ಹೋದವಳು ಮೇಲೆ ಬರಲೇ ಇಲ್ಲ. ದಡದಲ್ಲಿದ್ದ ಹೆಂಗಸರು ಗಾಬರಿಯಾದರು. ತಳದ ಕತ್ತಲಲ್ಲಿ ಅವಳ ಬೆರಳುಗಳು ಹುರಿಯನ್ನು ತಡಕುತ್ತಿದ್ದವು. ಅಮ್ಮನ ಗಂಟು, ಎಳೆದರೆ ಬಿಗಿಯುತ್ತಿತ್ತು, ಒಳಕ್ಕೆ ನೂಕಿದಾಗ ಬಿಚ್ಚಿಕೊಂಡಿತು.

ನೀರು ಸೀಳಿ ಬುಟ್ಟಿ ಮೊದಲು ಬಂತು. ಹಿಂದೆಯೇ ಅವಳ ತಲೆ.

"ಏನೇ ಇದು?" ಎಂದ ಪರಮು.

"ಮುಳುಗು ಅಂದ್ರಿ. ಕೈಗೆ ಸಿಕ್ತು."

ಯಾರೋ ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡರು. "ನಿಮ್ಮಮ್ಮನೂ ಹೀಗೇ," ಎಂದು ಪರಮು ಗೊಣಗಿದ. "ಹೂಂ ಅಂದೇ ತನಗೆ ಬೇಕಾದ್ದು ಮಾಡೋಳು."

ವಿಲಾಸಿನಿ ಏದುಸಿರು ಬಿಡುತ್ತ ಬುಟ್ಟಿಯನ್ನು ಟೀಚರ ಕೈಗೆ ಕೊಟ್ಟಳು. "ಮೂಸಿ. ಅಮ್ಮ ನಿಮಗೆ ಹೇಳಿದ್ಲಲ್ಲ, ನಂಗೆ ಸರಿಯಾಗಿ ಗೊತ್ತಿಲ್ಲ."

ಸತೀದೇವಿ ಒದ್ದೆ ಗರಿಗೆ ಮೂಗು ಒತ್ತಿ ಕಣ್ಣು ಮುಚ್ಚಿದರು.

"ಹುಳಿ ಬಂದಿಲ್ಲ."

"ಅಡುಗೆಮನೆ ಮೂಲೆಯಲ್ಲಿಡಿ. ಬಿಸಿಲು ಬೀಳದ ಕಡೆ."

ವಿಲಾಸಿನಿ ಕೊಡ ಹೊತ್ತು ಚಿತೆಗೆ ಮೂರು ಸುತ್ತು ಬಂದಳು. ಒಂದೊಂದು ಸುತ್ತಿಗೂ ಪರಮು ಕತ್ತಿಯ ಮೊನೆಯಿಂದ ಕೊಡಕ್ಕೆ ತೂತು ಮಾಡಿದ. ನೀರು ಮಣ್ಣಿನ ಮೇಲೆ ಗೆರೆಯೆಳೆಯಿತು. ಬೆಂಕಿ ಹತ್ತಿಕೊಳ್ಳುತ್ತಿದ್ದಂತೆ ಆ ಗೆರೆಗಳು ಒಂದೊಂದಾಗಿ ಒಣಗಿದವು.

ಅಂಗಳದಲ್ಲಿ ಬುಟ್ಟಿಯಿಂದ ತೊಟ್ಟಿಕ್ಕಿದ ಇನ್ನೊಂದು ಗೆರೆ, ಕೊಳದಿಂದ ಅಡುಗೆಮನೆಯ ಹೊಸಿಲವರೆಗೆ, ಇನ್ನೂ ಹಸಿಯಾಗಿತ್ತು. ಮನೆಯತ್ತ ತಿರುಗಿದ ಪರಮು ಅದರ ಮುಂದೆ ತಡೆದು ನಿಂತ. ಆಮೇಲೆ ಪಂಚೆ ಎತ್ತಿಕೊಂಡು, ತುಳಿಯದೆ, ದಾಟಿ ಹೋದ.